ತನ್ನ ಕಾಗದ ತಾನೇ ಒಯ್ಯಬಾರದು

"ಸದಸ್ಯತ್ವ ಅಂತ ಒಂದು ಸಾಲು ಹಾಕಿಬಿಟ್ರೆ ಈ ರೆಸ್ಯೂಮು ನೆಟ್ಟಗೆ ಕೂತ್ಕೊಳ್ಳುತ್ತೆ ಕಣಮ್ಮ. ಈಗ ನೋಡು, ಎಲ್ಲಾ ಇದೆ, ಆದ್ರೂ ಒಂದು ಕಾಲು ಗಿಡ್ಡ ಇರೋ ಸ್ಟೂಲಿನ ಹಾಗೆ ಅಲ್ಲಾಡ್ತಾ ಇದೆ," ಎಂದರು ಜೆರಾಕ್ಸ್ ಮಾಮ, ಕಂಪ್ಯೂಟರಿನ ಪರದೆಯನ್ನು ಬೆಂಚಿನ ಕಡೆ ತಿರುಗಿಸುತ್ತ.

ಮೆಟ್ಟಿಲ ಕೆಳಗಿನ ಅಂಗಡಿ ಅದು. ಬೆಂಚಿನ ಮೇಲೆ ಕೂರಬೇಕಾದರೆ ತಲೆ ತಗ್ಗಿಸಬೇಕು, ಇಲ್ಲದಿದ್ದರೆ ಮೇಲಿನ ಮೆಟ್ಟಿಲು ಹಣೆಗೆ ಬಡಿಯುತ್ತದೆ. ಮಾಮ ಜೀವಮಾನದಲ್ಲಿ ಯಾವ ಆಫೀಸಿನಲ್ಲೂ ಕೆಲಸ ಮಾಡಿದವರಲ್ಲ. ಆದರೆ ಆ ಬೀದಿಯ ಅರ್ಧ ಜನ ಕೆಲಸಕ್ಕೆ ಸೇರಿದ್ದು ಅವರು ಟೈಪು ಮಾಡಿಕೊಟ್ಟ ಕಾಗದ ಹಿಡಿದುಕೊಂಡೇ. ಹಾಗಾಗಿ ಯಾವ ಕೆಲಸಕ್ಕೆ ಯಾವ ಸಾಲು ಬೇಕು ಎಂಬುದರಲ್ಲಿ ಅವರ ಮಾತೇ ಕೊನೆಯ ಮಾತು. ಡ್ರೈವರಿಗೆ 'ಕುಡಿಯುವ ಅಭ್ಯಾಸವಿಲ್ಲ', ನರ್ಸಿಗೆ 'ರಾತ್ರಿ ಪಾಳಿಗೂ ಸಿದ್ಧ', ಲೆಕ್ಕದವರಿಗೆ 'ಲೆಕ್ಕಿಗರ ಸಂಘದ ಸದಸ್ಯರು'.

ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದವರು ಇಬ್ಬರು, ಟಿಕ್ಕಮ್ಮ ಮತ್ತು ಅವಳ ಅತ್ತೆ. ಟಿಕ್ಕಮ್ಮನಿಗೆ ನಲವತ್ತು ದಾಟಿತ್ತು. ಹುಡುಗಿಯಾಗಿದ್ದಾಗ ಒಂದು ಆಡಿಟ್ ಆಫೀಸಿಗೆ ಸೇರಿ, ಹತ್ತೊಂಬತ್ತು ವರ್ಷ ಅದೇ ಮೇಜು, ಅದೇ ಕಿಟಕಿ. ಮಧ್ಯೆ ಮದುವೆಯಾಯಿತು, ಮಗುವಾಯಿತು, ಮಗು ಮಲಗಿದ ಹೊತ್ತಿನಲ್ಲಿ ಓದಿ ಓದಿ ಸಂಘದ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಮುಗಿಸಿದಳು. ಈಗ ಆ ಆಫೀಸು ಮುಚ್ಚಿದೆ. ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಮಂಡಿ ಹೋಗಿ, ಮೇಲೆ ಹತ್ತುವ ಕೆಲಸ ಬಿಟ್ಟು ಗೋದಾಮಿನಲ್ಲಿ ಸಾಮಾನು ಕೊಡುವ ಕೆಲಸಕ್ಕೆ ಕೂತಿದ್ದಾನೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಲೆಕ್ಕ ವಿಭಾಗದ ಎರಡನೆಯ ಸ್ಥಾನ ಖಾಲಿ ಇದೆ. ಟಿಕ್ಕಮ್ಮನಿಗೆ ಅದು ಬೇಕು. ಸಂಬಳಕ್ಕೆ ಬೇಕು ಎನ್ನುವುದು ಮನೆಯವರಿಗೆಲ್ಲ ಗೊತ್ತಿದ್ದ ಮಾತು. ಮೇಜಿನ ಮುಂದೆ 'ಅಕೌಂಟೆಂಟ್' ಎಂಬ ಫಲಕ ಇಟ್ಟುಕೊಂಡು ಒಂದು ದಿನವಾದರೂ ಕೂರಬೇಕು ಎನ್ನುವುದು ಅತ್ತೆಗೆ ಮಾತ್ರ ಗೊತ್ತಿದ್ದ ಮಾತು.

ಮಾಮ ದನಿ ತಗ್ಗಿಸಿ, ಸುಮ್ಮನೆ ಸದಸ್ಯೆ ಅಂತ ಬರೆದುಬಿಡೋಣ, ಪರೀಕ್ಷೆ ಎಲ್ಲಾ ಪಾಸಾಗಿದೆಯಲ್ಲ, ಇನ್ನು ಯಾರು ಹೋಗಿ ನೋಡುತ್ತಾರೆ ಎಂದರು.

"ಯಾರು ನೋಡ್ತಾರೆ ಅಂತ ನನ್ನನ್ನೇ ಕೇಳ್ತೀರಲ್ಲ ಮಾಮ. ನೋಡೋದೇ ನಮ್ಮ ಕೆಲಸ," ಎಂದಳು ಟಿಕ್ಕಮ್ಮ.

ಮಾಮನಿಗೆ ನಗು ಬಂತು. ಅತ್ತೆಗೆ ಬರಲಿಲ್ಲ. ಅವರು ಮಡಿಲಲ್ಲಿದ್ದ ಚೀಲವನ್ನು ಪಕ್ಕಕ್ಕಿಟ್ಟರು.

"ಒಂದು ಸಾಲಿಗೆ ಇಷ್ಟು ಕಥೆ. ಇವಳು ಓದೋವಾಗ ಮಗು ಎತ್ಕೊಂಡು ಬೀದಿ ಬೀದಿ ತಿರುಗಿದೋಳು ನಾನು. ಲೆಕ್ಕ ನೋಡಿದ್ರೆ ಆ ಕಾಗದದಲ್ಲಿ ನಂದೂ ಒಂದು ಸಾಲು ಬರ್ಬೇಕು."

"ಹಾಕೋಣ ಅಜ್ಜಿ. ಯಾವ ಹುದ್ದೆ ಅಂತ ಬರೀಲಿ?"

"ಕಾವಲು ಅಂತ ಬರಿ."

ನಗುತ್ತಲೇ ಆ ಕಾಗದ ಮುದ್ರಣವಾಗಿ ಹೊರಬಂತು, ಸದಸ್ಯತ್ವದ ಸಾಲಿಲ್ಲದೆ.

ಆ ಸಾಲು ಯಾಕಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸಂಘದವರ ನಿಯಮದ ಪ್ರಕಾರ ಪರೀಕ್ಷೆ ಪಾಸಾದರೆ ಸಾಲದು. ಮೂರು ವರ್ಷ ಒಬ್ಬ ಸದಸ್ಯರ ಕೈಕೆಳಗೆ ದುಡಿದಿರಬೇಕು. ದುಡಿದದ್ದು ನಿಜ ಎಂದು ಆ ಸದಸ್ಯರೇ, ಬೇರೆ ಯಾರೂ ಅಲ್ಲ, ಅನುಭವ ಪತ್ರಕ್ಕೆ ಸಹಿ ಹಾಕಬೇಕು. ಟಿಕ್ಕಮ್ಮ ಮೂರಲ್ಲ, ಅದರ ಆರು ಪಟ್ಟಿಗಿಂತ ಹೆಚ್ಚು ದುಡಿದಿದ್ದಳು. ಆದರೆ ಪತ್ರ ಅವಳ ಮೇಜಿನ ಖಾನೆಯಲ್ಲೇ ಉಳಿಯಿತು. ಉಳಿದ ಕಾರಣವನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಇಲ್ಲವೇ ಬಯ್ಯುತ್ತಾರೆ.

ಆ ಆಫೀಸಿನ ಯಜಮಾನರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ಬೇಸಿಗೆಯಲ್ಲೂ ಅಂಗಿಯ ಕತ್ತಿನ ಗುಂಡಿ ಬಿಚ್ಚಿದವರಲ್ಲ. ಅವರದು ಎರಡು ಕಟ್ಟಳೆ. ಮೊದಲನೆಯದು, ಆಫೀಸಿನಲ್ಲಿ ಲೆಕ್ಕ ನೋಡುವ ಒಬ್ಬೊಬ್ಬರಿಗೂ ಅವರದೇ ಆದ ಟಿಕ್ ಗುರುತು ಇರಬೇಕು. ಯಾವ ಅಂಕಿಯನ್ನು ಯಾರು ನೋಡಿದರು ಎಂದು ಹತ್ತು ವರ್ಷ ಬಿಟ್ಟು ಕೇಳಿದರೂ ಗೊತ್ತಾಗಬೇಕು, ಒಬ್ಬರ ಗುರುತನ್ನು ಇನ್ನೊಬ್ಬರು ಹಾಕಕೂಡದು. ಹೊಸದಾಗಿ ಸೇರಿದ ಹುಡುಗಿ ತನ್ನ ಟಿಕ್ಕಿನ ಬಾಲವನ್ನು ಸ್ವಲ್ಪ ಹಿಂದಕ್ಕೆ ಸುತ್ತಿ ಹಾಕಿದಾಗ ದೊಡ್ಡವರು ಕನ್ನಡಕ ಮೇಲೆತ್ತಿ, "ಇದೇನಿದು, ಟಿಕ್ಕಿಗೆ ಜಡೆ ಹಾಕಿದೀಯಾ," ಎಂದಿದ್ದರು. ಅವತ್ತಿನಿಂದ ಅವಳು ಟಿಕ್ಕಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಅಂಕಪಟ್ಟಿಗಳಲ್ಲಿ ಉಳಿಯಿತು, ಬಾಯಿಗೆ ಬರಲೇ ಇಲ್ಲ.

ಎರಡನೆಯ ಕಟ್ಟಳೆ ಇನ್ನೂ ಬಿಗಿ. ತನ್ನ ಕಾಗದ ತಾನೇ ಒಯ್ಯಬಾರದು. ಬರೆದವರೊಬ್ಬರು, ಅದನ್ನು ತಿದ್ದಿ ನೋಡುವವರು ಇನ್ನೊಬ್ಬರು, ದೊಡ್ಡವರ ಮೇಜಿಗೆ ಒಯ್ಯುವವರು ನೋಡಿದವರೇ. ಬರೆದವರೇ ಹಿಡಿದುಕೊಂಡು ಹೋದರೆ ಅವರು ಕತ್ತೆತ್ತುತ್ತಿರಲಿಲ್ಲ. ರಜೆಯ ಚೀಟಿಗೂ ಇದೇ ನ್ಯಾಯ. ಅವರ ಸ್ವಂತ ಛತ್ರಿಯ ರಿಪೇರಿ ಚೀಟಿಯನ್ನು ಕೂಡ ಜವಾನ ನೋಡಿ, ತಂದು, ಅವರ ಮುಂದೆ ಇಟ್ಟ ಮೇಲೆಯೇ ಸಹಿ. ಆಗ ಆಫೀಸಿನಲ್ಲಿ ಐದಾರು ಜನರಿದ್ದರು. ಕಾಗದಗಳು ಕೈಯಿಂದ ಕೈಗೆ ಸಲೀಸಾಗಿ ಓಡಾಡುತ್ತಿದ್ದವು.

ಆಮೇಲೆ ಒಬ್ಬರು ದೊಡ್ಡ ಕಂಪನಿಗೆ ಹೋದರು, ಒಬ್ಬಳು ಗಂಡನ ಜೊತೆ ಬೇರೆ ಊರಿಗೆ, ಒಬ್ಬರು ಮೇಲಕ್ಕೇ ಹೋದರು. ಜವಾನನಿಗೆ ವಯಸ್ಸಾಯಿತು. ಟಿಕ್ಕಮ್ಮ ಕೊನೆಯ ಪರೀಕ್ಷೆ ಪಾಸಾದ ವರ್ಷ ಆ ಆಫೀಸಿನಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ದೊಡ್ಡವರು. ಗಿರಾಕಿಗಳ ಲೆಕ್ಕಕ್ಕೆ ತೊಂದರೆಯಾಗಲಿಲ್ಲ. ಅವಳು ಬರೆಯುತ್ತಿದ್ದಳು, ದೊಡ್ಡವರೇ ಎದ್ದು ಬಂದು ತೆಗೆದುಕೊಂಡು ಹೋಗಿ ನೋಡುತ್ತಿದ್ದರು. ಆದರೆ ಅನುಭವ ಪತ್ರ ಗಿರಾಕಿಯದಲ್ಲ, ಅವಳ ಸ್ವಂತದ್ದು. ಅದನ್ನು ನೋಡಿ ಒಯ್ಯಲು ಮೂರನೆಯವರು ಬೇಕು. ಮೂರನೆಯವರು ಇರಲಿಲ್ಲ.

ಒಮ್ಮೆ ಕೇಳಿದ್ದಳು. ದೊಡ್ಡವರು ಬಹಳ ಹೊತ್ತು ಯೋಚಿಸಿ, ಅವರಿಗೂ ಕಷ್ಟವಾಗಿತ್ತು ಎಂದು ಟಿಕ್ಕಮ್ಮ ಈಗಲೂ ಹೇಳುತ್ತಾಳೆ, ಇನ್ನೊಬ್ಬರನ್ನು ಸೇರಿಸಿಕೊಳ್ಳೋಣ, ಅವರು ಬಂದ ದಿನವೇ ಮೊದಲು ನಿನ್ನ ಕಾಗದ ಎಂದರು. ಜಾಹೀರಾತು ಕೊಟ್ಟರು. ಬಂದವರು ಸಂಬಳ ಕೇಳಿ ಹೋದರು. ಹೀಗೇ ವರ್ಷಗಳಾದವು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಮೂರನೆಯವರಿಗಾಗಿ ಕಾದರು. ಅತ್ತೆ ಇದನ್ನು ಕೇಳಿದಾಗ, "ಮಾಡಿದವಳೇ ಬಡಿಸ್ಕೋಬಾರದು ಅಂತ ಅಡುಗೆ ಮುಂದಿಟ್ಕೊಂಡು ಉಪವಾಸ ಕೂತ್ರಂತೆ," ಎಂದು ಹಣೆ ಚಚ್ಚಿಕೊಂಡಿದ್ದರು. ಅವನು ನಿನ್ನನ್ನು ಕಳಿಸೋಕೆ ಮನಸ್ಸಿಲ್ಲದೆ ಹೀಗೆ ಮಾಡುತ್ತಾನೆ ಎಂದೂ ಅಂದಿದ್ದರು. ಟಿಕ್ಕಮ್ಮ ಅದನ್ನು ಒಪ್ಪಿರಲಿಲ್ಲ.

ಆಮೇಲೆ ದೊಡ್ಡವರಿಗೆ ಮರೆವು ಶುರುವಾಯಿತು. ಮೊದಲು ಗಿರಾಕಿಗಳ ಹೆಸರು, ಆಮೇಲೆ ದಿನ, ವಾರ. ಒಂದು ಮಧ್ಯಾಹ್ನ ಅವರು ಆಫೀಸಿನ ಬಾಗಿಲಲ್ಲಿ ನಿಂತು, ಮನೆಗೆ ಹೇಗೆ ಹೋಗಬೇಕು ಎಂದು ಅವಳನ್ನು ಕೇಳಿದರು. ಮನೆ ಇದ್ದದ್ದು ಅದೇ ಕಟ್ಟಡದ ಮಹಡಿಯ ಮೇಲೆ. ಆ ತಿಂಗಳೇ ಆಫೀಸು ಮುಚ್ಚಿತು.

ಆಸ್ಪತ್ರೆಯ ಲೆಕ್ಕ ವಿಭಾಗ ನೆಲಮಾಳಿಗೆಯಲ್ಲಿತ್ತು, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಗೋಡೆಗೆ ಬಿಸಿನೀರಿನ ಕೊಳವೆಗಳು, ಹೊರಗೆ ಓಣಿಯಲ್ಲಿ ಒಗೆದ ಹೊದಿಕೆಗಳ ಗಾಡಿ ಹೋದಾಗಲೆಲ್ಲ ಮೇಜು ನಡುಗುತ್ತಿತ್ತು. ವಿಭಾಗದ ಮುಖ್ಯಸ್ಥೆ ದಪ್ಪಗಿನ, ನಿಧಾನ ಮಾತಿನ ಹೆಂಗಸು. ಟಿಕ್ಕಮ್ಮನ ಕಾಗದವನ್ನು ಪೂರ್ತಿ ಓದಿದರು. ಈ ಕಾಲದಲ್ಲಿ ಪೂರ್ತಿ ಓದುವವರೇ ಕಡಿಮೆ. ಔಷಧಿ ದಾಸ್ತಾನಿನ ಲೆಕ್ಕದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು, ಉತ್ತರ ಕೇಳಿ ಎರಡು ಸಲ ತಲೆದೂಗಿದರು. ಕೊನೆಗೆ ಕಾಗದವನ್ನು ತಿರುಗಿಸಿ, ಹಿಂದೆ ಏನಾದರೂ ಬರೆದಿದೆಯೋ ಎಂಬಂತೆ ನೋಡಿದರು.

"ಸದಸ್ಯತ್ವ?"

ಟಿಕ್ಕಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಟ್ಟಳೆಯ ವಿಷಯ ಬಂದಾಗ ಮುಖ್ಯಸ್ಥೆ ನಗಲಿಲ್ಲ, ಬಯ್ಯಲೂ ಇಲ್ಲ. ಅಂಥ ಒಬ್ಬರ ಕೈಕೆಳಗೆ ತಾನೂ ಇದ್ದೆ ಎಂದರು.

"ನಿಮ್ಮ ಹತ್ರ ಸುಳ್ಳು ಹೇಳಲ್ಲ. ಈ ಮೇಜಿಗೆ ನೀವೇ ಸರಿ ಅಂತ ನನಗನ್ನಿಸ್ತಿದೆ. ಆದ್ರೆ ಇಲ್ಲಿ ಎರಡನೇ ಸಹಿ ಹಾಕೋರು ಸದಸ್ಯರಾಗಿರ್ಬೇಕು ಅಂತ ಆಡಳಿತ ಮಂಡಳಿ ಬರೆದಿಟ್ಟಿದೆ. ಅವರಿಗೆ ನಿಮ್ಮ ಹತ್ತೊಂಬತ್ತು ವರ್ಷ ಕಾಣಲ್ಲ ಕಣ್ರೀ, ಹೆಸರಿನ ಹಿಂದೆ ಸಂಘ ಕೊಟ್ಟಿರೋ ಅಕ್ಷರ ಕಾಣುತ್ತೆ. ನಾನೂ ಆ ಅಕ್ಷರ ಹಿಡ್ಕೊಂಡೇ ಒಳಗೆ ಬಂದೋಳು."

ಇನ್ನೊಬ್ಬ ಅಭ್ಯರ್ಥಿ ಇದ್ದಾನೆ, ಚಿಕ್ಕ ವಯಸ್ಸು, ಸದಸ್ಯತ್ವ ಇದೆ, ಕೆಲಸ ಅಷ್ಟಕ್ಕಷ್ಟೇ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಸಹಿಯಾದ ಅನುಭವ ಪತ್ರವನ್ನು ಶುಕ್ರವಾರದೊಳಗೆ ತಂದರೆ, ಸಂಘಕ್ಕೆ ಅರ್ಜಿ ಹೋಗಿದೆ ಎಂದು ಮಂಡಳಿಗೆ ತಾನು ಹೇಳಬಲ್ಲೆ, ಅಷ್ಟು ಸಾಕಾಗುತ್ತದೆ ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ಕಾಳು ಬಿಡಿಸುತ್ತಿದ್ದರು.

"ಹೋಗಿ ಹಾಕಿಸ್ಕೊಂಡು ಬಾ ಮತ್ತೆ."

"ಅವರಿಗೆ ನೆನಪೇ ಇಲ್ಲ ಅತ್ತೆ. ಏನಕ್ಕೆ ಸಹಿ ಹಾಕ್ತಿದೀನಿ ಅಂತಾನೇ ಗೊತ್ತಾಗಲ್ಲ."

"ನೀನು ದುಡಿದಿದ್ದು ಸುಳ್ಳಾ?"

"ಅಲ್ಲ."

"ಮತ್ತೆ?"

ಟಿಕ್ಕಮ್ಮ ಅತ್ತೆಯ ಪಕ್ಕ ಕೂತು ತಾನೂ ಕಾಳು ಬಿಡಿಸತೊಡಗಿದಳು. ಶುಕ್ರವಾರ ಹತ್ತಿರವಿತ್ತು. ಮರುದಿನ ಬೆಳಿಗ್ಗೆ ಪತ್ರವನ್ನು ಒಂದು ಗಟ್ಟಿ ರಟ್ಟಿನ ನಡುವೆ ಇಟ್ಟುಕೊಂಡು ಹೊರಟಳು.

ಕೆಳಗಿನ ಆಫೀಸಿಗೆ ಆಗಲೇ ಯಾರೋ ಬಾಡಿಗೆಗೆ ಬಂದಿದ್ದರು. ಕಿಟಕಿಯಲ್ಲಿ ಮಕ್ಕಳ ಚಪ್ಪಲಿ ಜೋಡಿಸಿದ್ದರು. ಅವಳು ಪಕ್ಕದ ಮೆಟ್ಟಿಲು ಹತ್ತಿದಳು. ಅಷ್ಟು ವರ್ಷ ಕೆಲಸ ಮಾಡಿದರೂ ಆ ಮೆಟ್ಟಿಲನ್ನು ಹತ್ತಿದ್ದು ಕೆಲವೇ ಸಲ. ಕೆಲಸದ ಹೊತ್ತಿನಲ್ಲಿ ಮೇಲಿನವರು ಕೆಳಗೆ ಬರಬಾರದು, ಕೆಳಗಿನವರು ಮೇಲೆ ಹೋಗಬಾರದು ಎಂಬುದೂ ದೊಡ್ಡವರ ಪದ್ಧತಿಯೇ.

ಬಾಗಿಲು ತೆಗೆದವರು ಅವರ ಹೆಂಡತಿ. ಆಫೀಸಿನವರ ಬಾಯಲ್ಲಿ ಮಹಡಿ ಅಮ್ಮ. ಕೈಯಲ್ಲಿ ಒದ್ದೆ ಟವೆಲು, ಮುಖದಲ್ಲಿ ನಿದ್ದೆಯಿಲ್ಲದ ಬಣ್ಣ. ಟಿಕ್ಕಮ್ಮನನ್ನು ಕಂಡು ಆ ಮುಖ ಅರಳಿತು. ಒಳಗೆ ಕೂರಿಸಿ, ಕಾಫಿ ಕೊಟ್ಟು, ಗಂಡನ ಸುದ್ದಿಯನ್ನು ಒಂದೇ ಉಸಿರಿಗೆ ಹೇಳಿದರು. ಊಟ ಮಾಡಿಸಬೇಕು, ಸ್ನಾನ ಮಾಡಿಸಬೇಕು, ಆದರೆ ಕತ್ತಿನ ಗುಂಡಿ ಮಾತ್ರ ಅವರೇ ಹಾಕಿಕೊಳ್ಳುತ್ತಾರೆ. ಪೆನ್ನು ಕೊಟ್ಟರೆ ದಿನವಿಡೀ ಸಹಿ ಹಾಕುತ್ತಾ ಕೂರುತ್ತಾರೆ. ಪತ್ರಿಕೆಯ ಅಂಚಿಗೆ, ಔಷಧಿ ಡಬ್ಬಿಗೆ, ಮೊನ್ನೆ ದಿಂಬಿನ ಗವಸಿಗೂ ಹಾಕಿದ್ದರು. "ಸಹಿ ಮಾತ್ರ ಇವತ್ತಿಗೂ ಮುತ್ತಿನ ಹಾಗಿದೆ ನೋಡು," ಎಂದು ಒಂದು ಡಬ್ಬಿ ತಂದು ತೋರಿಸಿದರು. ಹಾಗೇ ಇತ್ತು.

ಟಿಕ್ಕಮ್ಮ ರಟ್ಟು ಬಿಚ್ಚಿ, ಬಂದ ಕಾರಣ ಹೇಳಿದಳು. ಪತ್ರ ಯಾಕೆ ಇಷ್ಟು ವರ್ಷ ಉಳಿಯಿತು ಎಂಬುದನ್ನೂ ಹೇಳಬೇಕಾಯಿತು, ಯಾಕೆಂದರೆ ಮಹಡಿ ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಅವರು ಕೇಳುತ್ತಾ ಕೇಳುತ್ತಾ ಟವೆಲನ್ನು ಹಿಂಡತೊಡಗಿದರು. ಅದರಲ್ಲಿ ನೀರಿರಲಿಲ್ಲ.

"ಓದಿ, ನೋಡಿ, ತಗೊಂಡು ಹೋಗಿ ಇಡೋಕೆ ಒಬ್ಬರು ಬೇಕಿತ್ತು, ಅಷ್ಟೇನಾ?"

"ಅಷ್ಟೇ."

"ನಾನು ಮೇಲೇ ಇದ್ನಲ್ಲೇ. ಒಂದು ಕೂಗು ಹಾಕಿದ್ರೆ ಇಳಿದು ಬರ್ತಿರ್ಲಿಲ್ವಾ?"

ಟಿಕ್ಕಮ್ಮ ಕಾಫಿಯ ಲೋಟ ನೋಡುತ್ತಾ ಕೂತಳು. ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ, ದೊಡ್ಡವರಿಗೂ ಹೊಳೆದಿರಲಿಲ್ಲ. ಇಬ್ಬರೂ ಜಾಹೀರಾತಿನ ಒಕ್ಕಣೆ ತಿದ್ದುತ್ತಾ ಕೂತಿದ್ದಾಗ ತಲೆಯ ಮೇಲೆ ಈ ಹೆಂಗಸಿನ ಹೆಜ್ಜೆ ಸಪ್ಪಳ ದಿನವೂ ಕೇಳುತ್ತಿತ್ತು.

ಮಹಡಿ ಅಮ್ಮ ಎದ್ದರು. ಕನ್ನಡಕ ಹಾಕಿಕೊಂಡು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅರ್ಥವಾಗದ ಕಡೆ ಕೇಳಿದರು. ಆಮೇಲೆ, ತಾನು ನೋಡಿದ್ದೇನೆ, ಸರಿಯಾಗಿದೆ, ಒಯ್ಯುವವಳು ತಾನೇ ಎಂದು ಹೇಳಿ ಒಳಕೋಣೆಗೆ ನಡೆದರು. ಟಿಕ್ಕಮ್ಮ ಬಾಗಿಲ ಹತ್ತಿರ ನಿಂತಳು. ಎದೆಯಲ್ಲಿ ಆಗುತ್ತಿದ್ದದ್ದು ಆಸೆಯೋ ನಾಚಿಕೆಯೋ ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ.

ದೊಡ್ಡವರು ಕಿಟಕಿಯ ಪಕ್ಕದ ಮೇಜಿಗೆ ಕೂತಿದ್ದರು. ಗಡ್ಡ ನುಣ್ಣಗೆ ಬೋಳಿಸಿತ್ತು. ಬಾಗಿಲಲ್ಲಿದ್ದವಳನ್ನು ನೋಡಿ, ಗ್ಯಾಸಿನವರು ಬಂದಿದ್ದಾರೆ ಎಂದು ಹೆಂಡತಿಗೆ ಹೇಳಿದರು. ಮಹಡಿ ಅಮ್ಮ ಅದಕ್ಕೆ ಉತ್ತರ ಕೊಡದೆ ಪತ್ರವನ್ನು ಮುಂದಿಟ್ಟು, ಪೆನ್ನು ಕೊಟ್ಟು, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದರು.

ದೊಡ್ಡವರು ಪೆನ್ನನ್ನು ಕೆಳಗಿಟ್ಟರು. ಖಾನೆ ಎಳೆದು ಪೆನ್ಸಿಲ್ ಹುಡುಕಿ ತೆಗೆದರು. ಪತ್ರಿಕೆಗೂ ದಿಂಬಿಗೂ ಬಾರದ ಯಾವುದೋ ಒಂದು ಎಚ್ಚರ ಆ ಕಾಗದದ ತಲೆಯ ಮೇಲಿದ್ದ ಸಂಘದ ಮುದ್ರೆಯನ್ನು ನೋಡಿದ ಕೂಡಲೇ ಬಂದಿತ್ತು. ಬೆನ್ನು ನೆಟ್ಟಗಾಯಿತು. ಮೊದಲ ಸಾಲಿನಿಂದ, ಬೆರಳಿಟ್ಟು, ಪದಪದವಾಗಿ ಓದಿದರು. ತಾರೀಖಿಗೆ ಒಂದು ಟಿಕ್, ವಿಳಾಸಕ್ಕೆ ಒಂದು ಟಿಕ್. ಮನುಷ್ಯ ವಾಪಸು ಬಂದುಬಿಟ್ಟರೇ ಎಂದುಕೊಂಡಳು ಟಿಕ್ಕಮ್ಮ. ಹೆಸರಿನ ಹತ್ತಿರ ಪೆನ್ಸಿಲ್ ನಿಂತಿತು.

"ಈ ಹೆಣ್ಣುಮಗಳು ನನ್ನ ಕೈಕೆಳಗೆ ಕೆಲಸ ಮಾಡಿದಾಳೆ ಅಂತ ಬರೆದಿದೆ. ಯಾರು ಇವಳು? ನಾನು ಇವಳನ್ನ ನೋಡಿಲ್ಲ."

"ನಮ್ಮ ಟಿಕ್ಕಮ್ಮ ಕಣ್ರೀ. ಅವಳದೇ ಕಾಗದ. ಹಾಕಿ," ಎಂದರು ಮಹಡಿ ಅಮ್ಮ.

"ಟಿಕ್ಕಮ್ಮ ಗೊತ್ತಿಲ್ವಾ ನನಗೆ? ಟಿಕ್ಕಮ್ಮನ ಕಾಗದ ಆದ್ರೆ ಕಣ್ಣು ಮುಚ್ಚಿ ಹಾಕ್ತೀನಿ." ದೊಡ್ಡವರು ಪತ್ರವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. "ಇದು ಬೇರೆ ಯಾರದೋ ಹೆಸರು. ಅವಳು ಬಂದ್ರೆ ಒಳಗೆ ಕಳಿಸು. ಅವಳದೊಂದು ಕಾಗದ ನನ್ನಿಂದ ಬಾಕಿ ಇದೆ. ಪಾಪ, ಕಾಯ್ತಾ ಇದಾಳೆ."

ಮಹಡಿ ಅಮ್ಮ ಟಿಕ್ಕಮ್ಮನ ತೋಳು ಹಿಡಿದು ಮೇಜಿನ ಮುಂದೆ ತಂದು ನಿಲ್ಲಿಸಿದರು. ನೋಡಿ, ಇವಳೇ, ಸರಿಯಾಗಿ ನೋಡಿ ಎಂದರು. ದೊಡ್ಡವರು ನೋಡಿದರು. ಮರ್ಯಾದಸ್ಥರು, ಅಪರಿಚಿತ ಹೆಂಗಸನ್ನು ಎಷ್ಟು ನೋಡಬೇಕೋ ಅಷ್ಟೇ ನೋಡಿದರು. ನರೆತ ಕೂದಲು, ಕಣ್ಣಿನ ಕೆಳಗಿನ ಕಪ್ಪು. ಕ್ಷಮೆ ಕೇಳುವವರಂತೆ ನಕ್ಕರು.

"ಇವರಲ್ಲ. ಟಿಕ್ಕಮ್ಮ ಚಿಕ್ಕ ಹುಡುಗಿ."

ಮಹಡಿ ಅಮ್ಮ ಪೆನ್ಸಿಲನ್ನು ಗಂಡನ ಕೈಯಿಂದ ಬಿಡಿಸಿ ಟಿಕ್ಕಮ್ಮನ ಕೈಗೆ ತುರುಕಿದರು. ನಿನ್ನ ಗುರುತು ಹಾಕಿ ತೋರಿಸು, ಅದನ್ನು ಮರೆಯುವವರಲ್ಲ ಎಂದರು. ಟಿಕ್ಕಮ್ಮ ಮೇಜಿನ ಮೇಲಿದ್ದ ಪತ್ರಿಕೆಯ ಬಿಳಿ ಅಂಚಿನಲ್ಲಿ, ಅಷ್ಟು ವರ್ಷ ಹಾಕಿದ ಹಾಗೆಯೇ, ಬಾಲವನ್ನು ಹಿಂದಕ್ಕೆ ಸುತ್ತಿ ಒಂದು ಟಿಕ್ ಹಾಕಿದಳು.

ದೊಡ್ಡವರು ಬಗ್ಗಿ, ಪತ್ರಿಕೆಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಚೆನ್ನಾಗಿ ನಕಲು ಮಾಡಿದೀರಿ," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. "ಆದ್ರೆ ಹಾಗೆ ಮಾಡ್ಬಾರ್ದಮ್ಮ. ಒಬ್ಬರ ಗುರುತನ್ನ ಇನ್ನೊಬ್ಬರು ಹಾಕ್ಬಾರ್ದು. ಆ ಹುಡುಗಿಗೆ ಗೊತ್ತಾದ್ರೆ ನೊಂದ್ಕೋತಾಳೆ."

ಕೆಳಗೆ ಚಪ್ಪಲಿ ಅಂಗಡಿಯವರು ಯಾರಿಗೋ ಬೆಲೆ ಹೇಳುತ್ತಿದ್ದದ್ದು ಕೇಳುತ್ತಿತ್ತು.

"ಸರಿ ಸಾರ್. ನೀವು ಹೇಳಿದ್ದೇ ಸರಿ," ಎಂದಳು ಟಿಕ್ಕಮ್ಮ.

ಸರಿಯೇ ಆಗಿತ್ತು, ಅದೇ ದುಃಖ. ಗೊತ್ತಿಲ್ಲದವರ ಕಾಗದಕ್ಕೆ ಸಹಿ ಹಾಕಬಾರದು ಎಂದು ಅವಳಿಗೆ ಕಲಿಸಿದ್ದು ಅವರೇ. ಎಲ್ಲ ಮರೆತ ಮನುಷ್ಯ ಅದೊಂದನ್ನು ಮರೆಯದೆ ಉಳಿಸಿಕೊಂಡಿದ್ದರು. ಮರೆತಿದ್ದರೆ ಸಹಿ ಸಿಗುತ್ತಿತ್ತು.

ಮಹಡಿ ಅಮ್ಮ ಮೆಟ್ಟಿಲವರೆಗೆ ಬಂದರು. ತಾನೇ ಅವರ ಸಹಿಯನ್ನು ಹಾಕಿಕೊಡುತ್ತೇನೆ, ನಲವತ್ತು ವರ್ಷ ನೋಡಿದ ಸಹಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಪಿಸುಗುಟ್ಟಿದರು. ಟಿಕ್ಕಮ್ಮ ಅವರ ಕೈ ಹಿಡಿದುಕೊಂಡಳು. ಬೇಡ ಎಂದು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆ ಹೆಂಗಸು ಅಳತೊಡಗಿದರು. ತಾನು ಇಷ್ಟು ವರ್ಷ ಮೇಲೆ ಬರೀ ಅಡುಗೆ ಮಾಡಿಕೊಂಡು ಕೂತೆನಲ್ಲ ಎಂದರು. ಟಿಕ್ಕಮ್ಮ ಅವರನ್ನು ಸಮಾಧಾನ ಮಾಡಿ, ಮುಖ ತೊಳೆದುಕೊಳ್ಳಲು ಹೇಳಿ, ಮುಂದಿನ ವಾರ ಬರುತ್ತೇನೆ, ದೊಡ್ಡವರಿಗೆ ಪೆನ್ಸಿಲ್ ತರುತ್ತೇನೆ ಎಂದು ಇಳಿದಳು. ತನ್ನನ್ನು ಯಾರಾದರೂ ಸಮಾಧಾನ ಮಾಡಬೇಕು ಎಂಬುದು ಅರ್ಧ ದಾರಿಯವರೆಗೂ ಅವಳಿಗೆ ನೆನಪಾಗಲಿಲ್ಲ. ನೆನಪಾದಾಗ ಬಸ್ಸಿನಲ್ಲಿ ನಿಂತಿದ್ದಳು, ಎಲ್ಲರ ಮಧ್ಯೆ.

ಆಸ್ಪತ್ರೆಗೆ ಅವಳೇ ಫೋನು ಮಾಡಿದಳು. ಪತ್ರ ಸಿಗಲಿಲ್ಲ ಎಂದಷ್ಟೇ ಹೇಳಿದಳು. ಮುಖ್ಯಸ್ಥೆ, ಎರಡನೆಯ ಸ್ಥಾನ ಆ ಹುಡುಗನಿಗೇ ಹೋಗುತ್ತದೆ ಎಂದರು. ಅವನ ಕೈಕೆಳಗೆ ಸಹಾಯಕಿಯ ಜಾಗ ಒಂದಿದೆ, ಸಂಬಳ ಕಡಿಮೆ, ಕೇಳುವುದಕ್ಕೇ ಸಂಕೋಚವಾಗುತ್ತಿದೆ ಎಂದರು. ಅವನು ಸದಸ್ಯ. ಮೂರು ವರ್ಷ ಕಳೆದರೆ ಅವಳ ಅನುಭವ ಪತ್ರಕ್ಕೆ ಅವನೇ ಸಹಿ ಹಾಕಬಹುದು. ಟಿಕ್ಕಮ್ಮ ಯೋಚಿಸಿ ಹೇಳುತ್ತೇನೆ ಎನ್ನಲಿಲ್ಲ. ಆಗಲಿ ಎಂದಳು.

ಸಂಜೆ ಅತ್ತೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಟಿಕ್ಕಮ್ಮ ಹೋಗಿ ತಂತಿಯ ಇನ್ನೊಂದು ತುದಿಯಿಂದ ಶುರುಮಾಡಿದಳು. ಇಬ್ಬರೂ ನಡುವಿಗೆ ಬರುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದಳು, ನಕಲು ಎಂದದ್ದನ್ನೂ ಸೇರಿಸಿ. ಅತ್ತೆ ದೊಡ್ಡವರನ್ನು ಬಯ್ಯುತ್ತಾರೆ ಎಂದುಕೊಂಡಿದ್ದಳು. ಬಯ್ಯಲಿಲ್ಲ. ಆ ಮನುಷ್ಯ ಕಾಗದವನ್ನು ಪೂರ್ತಿ ಓದಿದನೇ ಎಂದು ಕೇಳಿದರು. ಪೂರ್ತಿ ಓದಿದರು, ಬೆರಳಿಟ್ಟು, ಎಂದಳು ಟಿಕ್ಕಮ್ಮ. ಅತ್ತೆ ಒಂದು ಟವೆಲನ್ನು ಎದೆಗೊತ್ತಿ ಹಿಡಿದು ದೂರದ ಮನೆಗಳ ಕಡೆ ನೋಡುತ್ತಾ ನಿಂತರು.

"ಆ ಹುಡುಗನಿಗೆ ವಯಸ್ಸೆಷ್ಟು?"

"ಇಪ್ಪತ್ತಾರೋ ಏನೋ."

"ನಮ್ಮ ಮಗು ಇನ್ನೊಂದಿಷ್ಟು ವರ್ಷಕ್ಕೆ ಅಷ್ಟಾಗುತ್ತೆ." ಟವೆಲನ್ನು ಮಡಚುತ್ತಾ, "ಮೊದಲ ದಿನವೇ ಅವನಿಗೆ ನಿನ್ನ ಹೆಸರು ಹೇಳು. ಅಪ್ಪ ಇಟ್ಟ ಹೆಸರು. ಬೇರೆ ಹೆಸರಿಟ್ಟು ಕರೆಯೋಕೆ ಬಿಡ್ಬೇಡ."

"ಹೂಂ ಅತ್ತೆ."

"ಯಾವತ್ತಿಂದ ಹೋಗ್ಬೇಕು?"

"ಸೋಮವಾರದಿಂದ."

"ಮಧ್ಯಾಹ್ನದ ಡಬ್ಬಿಗೆ ಏನು ಮಾಡ್ಲಿ?"

"ಏನಾದ್ರೂ ಸರಿ."

ಗಾಳಿ ಎದ್ದಿತು. ತಂತಿಯ ಮೇಲೆ ಉಳಿದಿದ್ದ ಒಂದು ಲಂಗ ಕ್ಲಿಪ್ಪು ಕಳಚಿಕೊಂಡು ಹಾರಿ ಪಕ್ಕದ ಮನೆಯವರ ತಗಡಿನ ಸೂರಿನ ಮೇಲೆ ಬಿತ್ತು. ಅತ್ತೆ ಅದನ್ನೂ ನೋಡಿದರು, ಸೊಸೆಯ ಮುಖವನ್ನೂ ನೋಡಿದರು. ಟಿಕ್ಕಮ್ಮ ಕೈಯಲ್ಲಿದ್ದ ಬಟ್ಟೆಗಳನ್ನು ಅವರ ತೋಳಿನ ಮೇಲೆ ಹಾಕಿ, ಕೋಲು ತರಲು ಕೆಳಗಿಳಿದು ಹೋದಳು.